ಪರದೆಯ ಮೇಲಿನ ಬೆಟ್ಟ ನೋಡಿ ಟೆರೇನ್ ಸಾಫ್ಟ್‌ವೇರ್ ಕೊಳ್ಳಬೇಡಿ

ಗೇಮ್‌ಗೆ ಟೆರೇನ್, ಅಂದರೆ ಬೆಟ್ಟ ಗುಡ್ಡಗಳ ನೆಲ, ಮಾಡುವ ಸಾಫ್ಟ್‌ವೇರ್‌ಗೆ ವರ್ಷದ ಲೈಸೆನ್ಸ್ ಕಟ್ಟುವ ಯೋಚನೆಯಲ್ಲಿರುವ ಬೆಂಗಳೂರಿನ ಸಣ್ಣ ತಂಡಗಳು ದಯವಿಟ್ಟು ಇದನ್ನು ಪೂರ್ತಿ ಓದಿ. ರಾಮನಗರ, ಸಾವನದುರ್ಗದ ಕಡೆಯ ಗುಡ್ಡಗಳನ್ನು ಹೋಲುವ, 4 ಕಿ.ಮೀ. ಉದ್ದ 4 ಕಿ.ಮೀ. ಅಗಲದ ಮ್ಯಾಪ್ ನಮ್ಮ ತಂಡಕ್ಕೆ ಬೇಕಿತ್ತು. ಡೆಮೊ ವಿಡಿಯೊ ನೋಡಿ ಆರಿಸಿದ ಸಾಫ್ಟ್‌ವೇರ್‌ನಲ್ಲಿ ಬೆಟ್ಟ ಕಣ್ಣಿಗೆ ಹಬ್ಬವಾಗಿತ್ತು. ಗೇಮ್ ಕಟ್ಟುವ ಅನ್ರಿಯಲ್ ಎಂಜಿನ್‌ಗೆ ತಂದಾಗ ಒಂದೂ ಸರಿಯಾಗಿ ಕೂರಲಿಲ್ಲ. ಆ ಸಾಫ್ಟ್‌ವೇರ್‌ನ ಹೆಸರು ಇಲ್ಲಿ ಬೇಡ. ಇವೇ ತೊಂದರೆಗಳು ಬೇರೆ ಸಾಫ್ಟ್‌ವೇರ್‌ನಲ್ಲೂ ಎದುರಾಗಬಹುದು, ಹಾಗಾಗಿ ಲಕ್ಷಣ ಗುರುತಿಸುವುದನ್ನು ಕಲಿತಿರಿ.

ಮೊದಲ ಪೆಟ್ಟು ಬಿದ್ದದ್ದು ಎಕ್ಸ್‌ಪೋರ್ಟ್‌ನಲ್ಲಿ. ಹೈಟ್‌ಮ್ಯಾಪ್ ಎಂದರೆ ಒಂದು ಕಪ್ಪು ಬಿಳುಪು ಚಿತ್ರ. ಪ್ರತಿ ಪಿಕ್ಸೆಲ್‌ನ ಬೂದು ಬಣ್ಣವೇ ಆ ಜಾಗದ ಎತ್ತರ. 8 ಬಿಟ್ ಚಿತ್ರದಲ್ಲಿ ಇರುವುದು 256 ಹಂತ ಮಾತ್ರ, 16 ಬಿಟ್‌ನಲ್ಲಿ 65,536. ಅನ್ರಿಯಲ್‌ನಲ್ಲಿ ಝಡ್ ಸ್ಕೇಲ್ (ಎತ್ತರವನ್ನು ಹಿಗ್ಗಿಸುವ ಅಳತೆ) 100 ಇದ್ದರೆ ತಳದಿಂದ ತುದಿಗೆ ಒಟ್ಟು 512 ಮೀಟರ್ ಸಿಗುತ್ತದೆ. ಅದನ್ನು 256 ಹಂತಕ್ಕೆ ಹಂಚಿದರೆ ಒಂದೊಂದು ಹಂತವೂ 2 ಮೀಟರ್, ಅಂದರೆ ಆಳೆತ್ತರಕ್ಕಿಂತ ಹೆಚ್ಚು. ತಪ್ಪಲಿನ ನಯವಾದ ಇಳಿಜಾರು ಮಲೆನಾಡಿನ ಮೆಟ್ಟಿಲು ಗದ್ದೆಯಂತೆ ಕಾಣುತ್ತದೆ, ಆಟಗಾರ ಅಲ್ಲಿ ಓಡಲಾರ. 16 ಬಿಟ್‌ನಲ್ಲಿ ಅದೇ ಹಂತ 8 ಮಿಲಿಮೀಟರ್‌ಗೂ ಕಡಿಮೆ. ನಾವು ಕೊಂಡದ್ದರ ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ ‘ಪಿಎನ್‌ಜಿ’ ಎಂದಷ್ಟೇ ಇತ್ತು, ಎಷ್ಟು ಬಿಟ್ ಎಂಬುದು ಎಲ್ಲೂ ಇರಲಿಲ್ಲ. ಹೊರಬಂದದ್ದು 8 ಬಿಟ್. ಆಮೇಲೆ ಬ್ಲರ್ ಹಾಕಿ ಮೆಟ್ಟಿಲು ಅಳಿಸಲು ಹೋಗಬೇಡಿ. ಮೆಟ್ಟಿಲಿನ ಜೊತೆಗೆ ಬಂಡೆಯ ಅಂಚು, ಹಳ್ಳದ ದಂಡೆ ಎಲ್ಲವೂ ಕರಗಿಹೋಗುತ್ತವೆ. ಕಳೆದುಹೋದ ಎತ್ತರ ವಾಪಸ್ ಬರುವುದಿಲ್ಲ.

ಎರಡನೆಯದು ಅಳತೆ. ಅನ್ರಿಯಲ್ ಲ್ಯಾಂಡ್‌ಸ್ಕೇಪ್‌ಗೆ ಒಗ್ಗುವ ಅಳತೆಗಳು (ಒಂದು ಬದಿಯ ಪಿಕ್ಸೆಲ್‌ಗಳು) 505, 1009, 2017, 4033, 8129. ಇನ್ನೊಂದು ಗೇಮ್ ಎಂಜಿನ್ ಯೂನಿಟಿಗೆ 513, 1025, 2049, 4097. ಯೂನಿಟಿಯಲ್ಲಿ ಆ ಒಂದು ಹೆಚ್ಚುವರಿ ಪಿಕ್ಸೆಲ್ ಏಕೆಂದರೆ, 1024 ಚೌಕಗಳ ಸಾಲಿಗೆ 1025 ಮೂಲೆಗಳು ಬೇಕು. ನಮ್ಮ ಸಾಫ್ಟ್‌ವೇರ್ ಕೊಡುತ್ತಿದ್ದದ್ದು 1024, 2048, 4096 ಮಾತ್ರ. ಹೈಟ್‌ಮ್ಯಾಪನ್ನು 4096ರಿಂದ 4033ಕ್ಕೆ ಕುಗ್ಗಿಸಲಾಯಿತು; ಹುಲ್ಲು, ಬಂಡೆ, ರಸ್ತೆ ಎಲ್ಲೆಲ್ಲಿ ಎಂದು ತೋರಿಸುವ ಮಾಸ್ಕ್ ಚಿತ್ರಗಳನ್ನು ಮಾತ್ರ 4033ಕ್ಕೆ ಕತ್ತರಿಸಲಾಯಿತು. ಒಂದನ್ನು ಕುಗ್ಗಿಸಿ ಇನ್ನೊಂದನ್ನು ಕತ್ತರಿಸಿದರೆ ಆಗುವ ಅನಾಹುತ ಒಂದು ಮೂಲೆಯಲ್ಲಿ ಗೊತ್ತೇ ಆಗುವುದಿಲ್ಲ. ಮೊದಲ ಮೂಲೆಯ ಕೆರೆ ಏರಿಯ ಮೇಲೆ ರಸ್ತೆ ಸರಿಯಾಗಿ ಕೂತಿತ್ತು. ಎದುರು ಮೂಲೆಗೆ ಹೋದರೆ ರಸ್ತೆಯ ಬಣ್ಣ ಏರಿಯಿಂದ ಸುಮಾರು 60 ಮೀಟರ್ ಜಾರಿ ನೀರಿನೊಳಗೆ ಬಿದ್ದಿತ್ತು. ಹೈಟ್‌ಮ್ಯಾಪ್, ಮಾಸ್ಕ್ ಎಲ್ಲವನ್ನೂ ಎಂಜಿನ್ ಕೇಳುವ ಅಳತೆಯಲ್ಲೇ ನೇರವಾಗಿ ಕೊಡುವ ಸಾಫ್ಟ್‌ವೇರ್ ಆರಿಸಿ. ನಡುವೆ ಚಿತ್ರ ತಿದ್ದುವ ಆಪ್‌ಗೆ ಒಯ್ದರೆ ಅದು ಸದ್ದಿಲ್ಲದೆ 8 ಬಿಟ್‌ಗೆ ಇಳಿಸಬಹುದು, ಬಣ್ಣದ ಪ್ರೊಫೈಲ್ ಹಚ್ಚಿ ಎತ್ತರವನ್ನೇ ಬಾಗಿಸಬಹುದು.

ಎಲ್ಲಕ್ಕಿಂತ ಹೆಚ್ಚು ದಿನ ತಿಂದದ್ದು ಸವೆತ. ಮಳೆನೀರು ಮಣ್ಣು ಕೊಚ್ಚಿಕೊಂಡು ಹೋಗುವುದನ್ನು ಸಾಫ್ಟ್‌ವೇರ್ ಚೌಕದಿಂದ ಚೌಕಕ್ಕೆ ಲೆಕ್ಕ ಹಾಕುತ್ತದೆ. 4 ಕಿ.ಮೀ. ಮ್ಯಾಪಿನ ಪ್ರಿವ್ಯೂ 512 ಪಿಕ್ಸೆಲ್ ಇದ್ದರೆ ಒಂದು ಚೌಕ ಸುಮಾರು 8 ಮೀಟರ್. ಪೂರ್ಣ ಬಿಲ್ಡ್‌ನಲ್ಲಿ, ಅಂದರೆ ಪೂರ್ಣ ಅಳತೆಯ ಕೊನೆಯ ಲೆಕ್ಕದಲ್ಲಿ, ಅದು ಒಂದು ಮೀಟರ್. ಈ ಲೆಕ್ಕ ಓಡುವ ಸುತ್ತುಗಳ ಸಂಖ್ಯೆ ಅಷ್ಟೇ ಉಳಿದರೆ ನೀರು ಎಂಟನೇ ಒಂದು ಪಾಲು ದೂರ ಮಾತ್ರ ಹರಿಯುತ್ತದೆ. ಪ್ರಿವ್ಯೂನಲ್ಲಿ ಅಗಲವಾಗಿ ಕಂಡ ಕಣಿವೆ ಬಿಲ್ಡ್‌ನಲ್ಲಿ ಕೂದಲೆಳೆಯಂಥ ಗೆರೆಯಾಗುತ್ತದೆ, ಹಳ್ಳದ ದಾರಿಯೇ ಬದಲಾಗುತ್ತದೆ. ಪ್ರಿವ್ಯೂ ನಂಬಿ ಸೇತುವೆ ಇಟ್ಟಿದ್ದರೆ ಅದರ ಕೆಳಗೆ ನೀರು ಇರುವುದಿಲ್ಲ. ಕೆಲವು ಸಾಫ್ಟ್‌ವೇರ್‌ಗಳು ಅಳತೆಗೆ ತಕ್ಕಂತೆ ಸವೆತವನ್ನು ಹೊಂದಿಸಿಕೊಳ್ಳುತ್ತವೆ, ಆದರೂ ಪೂರ್ತಿ ಹೊಂದುವುದು ಅಪರೂಪ. ಟ್ರಯಲ್‌ನಲ್ಲಿ ಅದೇ ಬೆಟ್ಟವನ್ನು 512 ಮತ್ತು 1024ರಲ್ಲಿ ಬಿಲ್ಡ್ ಮಾಡಿ ಅಕ್ಕಪಕ್ಕ ಇಟ್ಟು ನೋಡಿ. ದುಪ್ಪಟ್ಟಿಗೇ ಕಣಿವೆ ಜಾಗ ಬಿಟ್ಟು ಸರಿದರೆ ಎಂಟು ಪಟ್ಟಿಗೆ ಏನಾದೀತೆಂದು ಊಹಿಸಿ. ದೊಡ್ಡ ಬಿಲ್ಡ್ ಗಂಟೆಗಟ್ಟಲೆ ಓಡುತ್ತದೆ, ನಡುವೆ ಕರೆಂಟ್ ಹೋದರೆ ಮೊದಲಿನಿಂದ. ಯುಪಿಎಸ್ ಇಲ್ಲದೆ ಹಚ್ಚಬೇಡಿ.

ಇಲ್ಲಿನ ಬಂಡೆಗಳ ಬಗ್ಗೆ ಒಂದು ಮಾತು. ಹೈಟ್‌ಮ್ಯಾಪ್‌ನಲ್ಲಿ ಒಂದು ಜಾಗಕ್ಕೆ ಒಂದೇ ಎತ್ತರ. ಗುಹೆ, ಮುಂದೆ ಚಾಚಿದ ಬಂಡೆ, ಕಲ್ಲಿನ ಮೇಲೆ ಕೂತ ಕಲ್ಲು ಇದರಲ್ಲಿ ಬರುವುದೇ ಇಲ್ಲ. ರಾಮನಗರದ ಬೆಟ್ಟಗಳ ಚೆಲುವೆಲ್ಲ ಅದರಲ್ಲೇ ಇದೆ! ಆ ಭಾಗವನ್ನು ಬ್ಲೆಂಡರ್‌ನಂಥ 3ಡಿ ಸಾಫ್ಟ್‌ವೇರ್‌ನಲ್ಲಿ ಬೇರೆ ಮೆಶ್ (3ಡಿ ಆಕಾರ) ಮಾಡಿ ಕೂರಿಸಬೇಕು. ಬಾಹ್ಯಾಕಾಶದಿಂದ ಅಳೆದ ಎತ್ತರದ ದತ್ತಾಂಶವನ್ನೇ ನೇರವಾಗಿ ಹಾಕುತ್ತೇವೆ ಎನ್ನುವವರಿಗೂ ಎಚ್ಚರಿಕೆ: 2000ನೇ ಇಸವಿಯಲ್ಲಿ ನಾಸಾದ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ಅಳೆದ ಎಸ್‌ಆರ್‌ಟಿಎಂ ಆಗಲಿ, ಇಸ್ರೋದ ಭುವನ್ ತಾಣದ ಕಾರ್ಟೊಸ್ಯಾಟ್ ದತ್ತಾಂಶವಾಗಲಿ ಸುಮಾರು 30 ಮೀಟರ್‌ಗೆ ಒಂದು ಬಿಂದು. 4 ಕಿ.ಮೀ. ಅಗಲಕ್ಕೆ ಸಿಗುವುದು 133 ಬಿಂದು. ಸಾವನದುರ್ಗದ ಹಾಸುಬಂಡೆ ಕರಗಿದ ಮೇಣದಂತೆ ಕಾಣುತ್ತದೆ. ಬೆಟ್ಟ ಎಲ್ಲಿ, ಕೆರೆ ಎಲ್ಲಿ ಎಂಬ ರೂಪರೇಖೆಗೆ ಅದು ಸಾಕು, ಮೇಲಿನ ವಿವರ ನೀವೇ ಕೆತ್ತಬೇಕು.

ಈಗ ಪರೀಕ್ಷೆ. ಇದಕ್ಕೆ ಅರ್ಧ ದಿನ ಸಾಕು, ಹಣ ಕಟ್ಟುವ ಮೊದಲೇ ಮಾಡಿ. 1009 × 1009 ಅಳತೆಯ, 512 ಮೀಟರ್ ಎತ್ತರದ ಮ್ಯಾಪ್ ತೆರೆಯಿರಿ, ಯೂನಿಟಿಯವರು 1025. ಪಶ್ಚಿಮದಿಂದ ಪೂರ್ವಕ್ಕೆ ಬರೀ 10 ಮೀಟರ್ ಏರುವ ಸಪಾಟು ಇಳಿಜಾರು ಮಾಡಿ. ವಾಯವ್ಯ ಮೂಲೆಯಲ್ಲಿ ದೊಡ್ಡದಾಗಿ ‘ಕ’ ಅಕ್ಷರವನ್ನು ಉಬ್ಬಿಸಿ. ಆಗ್ನೇಯದಲ್ಲಿ ನೆಲದಿಂದ ಸರಿಯಾಗಿ 100 ಮೀಟರ್ ಎತ್ತರದ ಒಂದು ಕಟ್ಟೆ. 16 ಬಿಟ್ ರಾ (ಬರೀ ಎತ್ತರದ ಅಂಕಿಗಳ ಫೈಲ್) ಆಗಿ ಎಕ್ಸ್‌ಪೋರ್ಟ್ ಮಾಡಿ, ಮೊದಲು ಫೈಲಿನ ಗಾತ್ರ ನೋಡಿ. ಹೆಡರ್ ಇಲ್ಲದ ರಾ ಫೈಲಿನಲ್ಲಿ ಒಂದು ಪಿಕ್ಸೆಲ್‌ಗೆ ಎರಡು ಬೈಟ್: 1009ಕ್ಕೆ 20,36,162 ಬೈಟ್ ಇರಬೇಕು. ಅದರ ಅರ್ಧವಿದ್ದರೆ 8 ಬಿಟ್, ಅಲ್ಲಿಗೇ ಬಿಟ್ಟುಬಿಡಿ.

ಎಂಜಿನ್‌ಗೆ ತಂದ ಮೇಲೆ ಇಳಿಜಾರು ನೋಡಿ. ಐದಾರು ಅಗಲ ಮೆಟ್ಟಿಲು ಕಂಡರೆ ಒಳಗೊಳಗೇ 8 ಬಿಟ್‌ನಲ್ಲಿ ಲೆಕ್ಕ ಹಾಕಿ 16ರ ವೇಷ ಹಾಕಿದೆ ಎಂದರ್ಥ. ಗರಗಸದ ಹಲ್ಲಿನಂತೆ ತಳದಿಂದ ಮುಗಿಲಿಗೆ ಏರಿ ಏರಿ ಬಿದ್ದರೆ ಬೈಟ್ ಕ್ರಮ, ಅಂದರೆ ಪ್ರತಿ ಪಿಕ್ಸೆಲ್‌ನ ಎರಡು ಬೈಟ್‌ಗಳಲ್ಲಿ ಯಾವುದು ಮೊದಲು ಎಂಬುದು, ಅದಲುಬದಲಾಗಿದೆ. ಯೂನಿಟಿಯ ಇಂಪೋರ್ಟ್ ಪೆಟ್ಟಿಗೆಯಲ್ಲಿ ವಿಂಡೋಸ್, ಮ್ಯಾಕ್ ಎಂಬ ಆಯ್ಕೆ ಇದೆ, ಬದಲಿಸಿ ನೋಡಿ. ‘ಕ’ ಕನ್ನಡಿಯಲ್ಲಿ ಕಂಡಂತಿದ್ದರೆ ಚಿತ್ರ ಮಗುಚಿದೆ. ಕಟ್ಟೆ 100 ಮೀಟರ್ ಇಲ್ಲದಿದ್ದರೆ ಎತ್ತರದ ಲೆಕ್ಕ ತಪ್ಪಿದೆ. ಅನ್ರಿಯಲ್‌ನಲ್ಲಿ ಬೇಕಾದ ಒಟ್ಟು ಎತ್ತರವನ್ನು 512ರಿಂದ ಭಾಗಿಸಿ 100ರಿಂದ ಗುಣಿಸಿದರೆ ಝಡ್ ಸ್ಕೇಲ್ ಸಿಗುತ್ತದೆ: 800 ಮೀಟರ್‌ಗೆ 156.25. ಕೊನೆಗೆ ಎಂಜಿನ್‌ನಲ್ಲೇ ಕೈಯಿಂದ ಒಂದು ಗುಂಡಿ ತೋಡಿ, ಹೈಟ್‌ಮ್ಯಾಪನ್ನು ಮತ್ತೆ ಇಂಪೋರ್ಟ್ ಮಾಡಿ. ಗುಂಡಿ ಮಾಯವಾದರೆ ಮುಂದೆ ನಿಮ್ಮ ಕೈಕೆಲಸವೂ ಹಾಗೆಯೇ ಮಾಯವಾಗುತ್ತದೆ. ಅನ್ರಿಯಲ್‌ನಲ್ಲಿ ಎಡಿಟ್ ಲೇಯರ್ ಚಾಲೂ ಮಾಡಿ, ಕೈಕೆಲಸ ಬೇರೆ ಲೇಯರ್‌ನಲ್ಲಿಡಿ.

ಲೈಸೆನ್ಸ್ ಓದದೆ ಉಚಿತ ಆವೃತ್ತಿಯಲ್ಲಿ ಕೆಲಸ ಶುರು ಮಾಡಬೇಡಿ. ಟೆರೇನ್ ಮಾಡುವ ವರ್ಲ್ಡ್ ಮಷೀನ್‌ನ ಉಚಿತ ಆವೃತ್ತಿ 1025 ಪಿಕ್ಸೆಲ್ ಮೀರಲು ಬಿಡುವುದಿಲ್ಲ, ಮಾರುವ ಗೇಮ್‌ಗೆ ಬಳಸಲೂ ಅನುಮತಿ ಇಲ್ಲ. 3ಡಿ ಸಾಫ್ಟ್‌ವೇರ್ ಹೂಡಿನಿಯ ಉಚಿತ ಆವೃತ್ತಿಯಾದ ಅಪ್ರೆಂಟಿಸ್ ಕೂಡ ಕಲಿಕೆಗೆ ಮಾತ್ರ. ಅದರ ಫೈಲಿಗೆ ಬೇರೆಯದೇ ಗುರುತು ಇರುತ್ತದೆ, ಹಣ ಕೊಟ್ಟ ಆವೃತ್ತಿಯಲ್ಲಿ ತೆರೆದರೂ ಆ ಗುರುತು ಬಿಡುವುದಿಲ್ಲ.

ವರ್ಷದ ಚಂದಾ ಆದರೆ ಇನ್ನೊಂದು ಇಕ್ಕಟ್ಟು. ಡಾಲರ್ ಬೆಲೆಯ ಮೇಲೆ ಜಿಎಸ್‌ಟಿ, ಬ್ಯಾಂಕಿನ ವಿನಿಮಯ ಶುಲ್ಕ ಸೇರಿಸಿಯೇ ಲೆಕ್ಕ ಹಾಕಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ₹15,000 ಮೀರಿದ ತಾನಾಗಿ ಕಡಿತವಾಗುವ ಕಾರ್ಡ್ ಪಾವತಿಗೆ ಪ್ರತಿ ಸಲ ನಿಮ್ಮ ಒಪ್ಪಿಗೆ ಬೇಕು. ಅದನ್ನು ಕೊಡದಿದ್ದರೆ ನವೀಕರಣ ನಿಂತು, ಬಿಡುಗಡೆಯ ವಾರದಲ್ಲೇ ಸಾಫ್ಟ್‌ವೇರ್ ಬಾಗಿಲು ಮುಚ್ಚಬಹುದು. ಅದರ ಪ್ರಾಜೆಕ್ಟ್ ಫೈಲು ಬೇರೆ ಯಾವುದರಲ್ಲೂ ತೆರೆಯುವುದಿಲ್ಲ. ಆದ್ದರಿಂದ ಪ್ರತಿ ವಾರದ ಕೊನೆಗೆ ಪೂರ್ಣ ಅಳತೆಯ 16 ಬಿಟ್ ರಾ, ಎಲ್ಲ ಮಾಸ್ಕ್‌ಗಳು, ಜೊತೆಗೆ ಅಳತೆ, ಒಟ್ಟು ಎತ್ತರ, ಬೈಟ್ ಕ್ರಮ ಬರೆದ ಒಂದು ಟೆಕ್ಸ್ಟ್ ಫೈಲ್ ತೆಗೆದು ಬೇರೆ ಡಿಸ್ಕ್‌ನಲ್ಲಿಡಿ. 4033ರ ಒಂದು ರಾ ಫೈಲ್ ಸುಮಾರು 32.5 ಎಂಬಿ ಅಷ್ಟೇ.