‘ಅಂಪೈರ್’ ಪದದ ಜಾಡು ಹಿಡಿದು: ಎಟಿಮ್‌ಆನ್‌ಲೈನ್ ಪದಮೂಲ ಕೋಶದ ವಿಮರ್ಶೆ

ಇಂಗ್ಲಿಷ್ ಪದಗಳ ಹುಟ್ಟು ಮತ್ತು ಬೆಳವಣಿಗೆಯನ್ನು ತಿಳಿಯಬಯಸುವವರಿಗೆ ಉಚಿತವಾಗಿ ದೊರೆಯುವ ಆಕರಗಳಲ್ಲಿ ಡಗ್ಲಸ್ ಹಾರ್ಪರ್ ಕಟ್ಟಿ ಬೆಳೆಸಿದ ‘ಎಟಿಮ್‌ಆನ್‌ಲೈನ್’ ಮುಖ್ಯವಾದುದು. ಇಂಥ ಕೋಶದ ಯೋಗ್ಯತೆಯನ್ನು ಒರೆಗೆ ಹಚ್ಚಲು ಅಪರೂಪದ ಪದಕ್ಕಿಂತ ಎಲ್ಲರ ಬಾಯಲ್ಲಿರುವ ಪದವೇ ಮೇಲು ಎಂಬುದು ನನ್ನ ನಂಬಿಕೆ. ಆದ್ದರಿಂದ ‘ಅಂಪೈರ್’ ಪದವನ್ನು ಆರಿಸಿಕೊಂಡೆ.

ನಮೂದು ಚಿಕ್ಕದು, ಅದರಲ್ಲಿ ಅಡಗಿರುವ ಕಥೆ ದೊಡ್ಡದು. ಹಳೆಯ ಫ್ರೆಂಚ್‌ನ ‘ನಾನ್‌ಪೆರ್’ ಈ ಪದದ ಮೂಲ. ‘ನಾನ್’ ಎಂದರೆ ಅಲ್ಲದ, ‘ಪೆರ್’ ಎಂದರೆ ಸಮ; ಒಟ್ಟಿನಲ್ಲಿ ಜೋಡಿಗೆ ಸೇರದವನು, ಇಬ್ಬರ ನಡುವಿನ ವ್ಯಾಜ್ಯವನ್ನು ತೀರಿಸಲು ನಿಲ್ಲುವ ಮೂರನೆಯವನು ಎಂದರ್ಥ. 14ನೇ ಶತಮಾನದಲ್ಲಿ ಇದು ‘ನೌಂಪೆರ್’ ಎಂಬ ರೂಪದಲ್ಲಿ ಇಂಗ್ಲಿಷಿಗೆ ಬಂದಿತು. ಆಮೇಲೆ ಜನರು ‘ಎ ನೌಂಪೆರ್’ ಎಂಬುದನ್ನು ‘ಆ್ಯನ್ ಔಂಪೆರ್’ ಎಂದು ಕೇಳಿಸಿಕೊಂಡು ಒಡೆದದ್ದರಿಂದ ಮೊದಲಿನ ‘ನ’ಕಾರ ಪದದಿಂದ ಕಳಚಿ ಹಿಂದಿನ ಉಪಪದಕ್ಕೆ ಅಂಟಿಕೊಂಡಿತು. ಇದು ಒಂಟಿ ಉದಾಹರಣೆಯಲ್ಲ. ‘ನ್ಯಾಪ್ರನ್’ ಇದೇ ರೀತಿ ‘ಏಪ್ರನ್’ ಆಯಿತು. ಇದಕ್ಕೆ ವಿರುದ್ಧವಾಗಿ ‘ಆ್ಯನ್ ಎಕ್‌ನೇಮ್’ ಎಂಬುದು ‘ನ’ಕಾರವನ್ನು ಸೆಳೆದುಕೊಂಡು ‘ನಿಕ್‌ನೇಮ್’ ಆಯಿತು. ಒಂದು ಪದವನ್ನು ಹುಡುಕಿ ಹೋದವರು ಹೀಗೆ ನಾಲ್ಕು ಪದಗಳ ಇತಿಹಾಸವನ್ನು ತಿಳಿದು ಬರುವುದು ಈ ಕೋಶದ ಬಹುದೊಡ್ಡ ಗುಣ. ಗಾಲ್ಫ್ ಆಟದ ‘ಪಾರ್’, ಜೊತೆ ಎಂಬರ್ಥದ ‘ಪೇರ್’, ಸಮಾನ ಸ್ಕಂಧನೆಂಬ ‘ಪಿಯರ್’ ಇವೆಲ್ಲವೂ ಅದೇ ಲ್ಯಾಟಿನ್ ‘ಪಾರ್’ ಧಾತುವಿನ ಬಂಧುಗಳೆಂದು ತಿಳಿದಾಗ ಆಗುವ ಸಂತೋಷ ಬೇರೆಯದೇ.

ಅರ್ಥ ಬದಲಾದ ಬಗೆಯನ್ನೂ ನಮೂದು ಕಾಲಾನುಕ್ರಮದಲ್ಲಿ ತೋರಿಸುತ್ತದೆ. ಪದವು ಮೊದಲು ಆಟದ್ದಲ್ಲ, ನ್ಯಾಯದ್ದು. ಪಂಚಾಯ್ತಿ ನಡೆಸುವ ಇಬ್ಬರಲ್ಲಿ ಒಮ್ಮತ ಮೂಡದಿದ್ದಾಗ ಕೊನೆಯ ತೀರ್ಮಾನ ಹೇಳುವವನನ್ನು ಇಂಗ್ಲಿಷ್ ಕಾನೂನು ಈಗಲೂ ಅಂಪೈರ್ ಎಂದೇ ಕರೆಯುತ್ತದೆ. ಆಟದ ಅರ್ಥಕ್ಕೆ ಕೋಶವು ಕೊಡುವ ಮೊದಲ ದಾಖಲೆ 1714ರದ್ದು, ಅದೂ ಕುಸ್ತಿಗೆ ಸಂಬಂಧಿಸಿದ್ದು. ಕ್ರಿಕೆಟ್ಟಿನಲ್ಲಿ 1744ರ ನಿಯಮಗಳೇ ಅಂಪೈರ್‌ಗಳ ಅಧಿಕಾರವನ್ನು ವಿವರಿಸುತ್ತವೆ. 1992ರ ನವೆಂಬರಿನಲ್ಲಿ ಡರ್ಬನ್ ಟೆಸ್ಟ್‌ನಲ್ಲಿ ಸಚಿನ್ ತೆಂಡೂಲ್ಕರ್ ಟಿವಿ ಮರುಪ್ರಸಾರದ ಆಧಾರದ ಮೇಲೆ ರನ್‌ಔಟ್ ಎಂದು ಘೋಷಿತರಾದಾಗ ‘ಮೂರನೇ ಅಂಪೈರ್’ ಎಂಬ ಹುದ್ದೆ ಜಗತ್ತಿಗೆ ಪರಿಚಯವಾಯಿತು. ಮೂರನೆಯವನೆಂಬ ಅರ್ಥವನ್ನು ಹೊತ್ತೇ ಹುಟ್ಟಿದ ಪದದ ಹಿಂದೆ ಆರು ಶತಮಾನಗಳ ಅನಂತರ ‘ಮೂರನೇ’ ಎಂಬ ವಿಶೇಷಣ ಬಂದು ಸೇರಿದ್ದನ್ನು ಮೂಲ ತಿಳಿದವರು ಮಾತ್ರ ಗುರುತಿಸಬಲ್ಲರು.

ಆದರೆ ಕ್ರೀಡೆಯ ವಿಚಾರದಲ್ಲಿ ಕೋಶವು ಚುಟುಕಾಗಿ ಮುಗಿಸುತ್ತದೆ. ಕ್ರಿಕೆಟ್, ಹಾಕಿ, ಬೇಸ್‌ಬಾಲ್ ಆಟಗಳು ಅಂಪೈರ್ ಎನ್ನುವಾಗ ಫುಟ್‌ಬಾಲ್ ‘ರೆಫ್ರಿ’ ಎನ್ನುತ್ತದೆ. ಟೆನಿಸ್‌ನಲ್ಲಿ ಇಬ್ಬರೂ ಇದ್ದು, ಅಂಪೈರ್ ಪಂದ್ಯವನ್ನು ನಡೆಸಿದರೆ ರೆಫ್ರಿ ಇಡೀ ಪಂದ್ಯಾವಳಿಯ ನಿಯಮಪಾಲನೆಗೆ ಹೊಣೆಯಾಗಿರುತ್ತಾರೆ. ಈ ವ್ಯತ್ಯಾಸಗಳನ್ನು ಬಯಸುವವರು ಆಯಾ ಕ್ರೀಡೆಯ ನಿಯಮಾವಳಿಯನ್ನೇ ತೆರೆಯಬೇಕು. ‘ರೆಫ್ರಿ’ ಪದದ ನಮೂದನ್ನೂ ಜೊತೆಯಲ್ಲೇ ಓದುವುದು ಒಳ್ಳೆಯದು. ವಿಷಯವನ್ನು ಯಾರಿಗೆ ಒಪ್ಪಿಸಲಾಗುತ್ತದೆಯೋ ಅವನು ಎಂಬ ಅದರ ಮೂಲಾರ್ಥ ಎರಡು ಪದಗಳ ಸ್ವಭಾವಭೇದವನ್ನು ಸ್ಪಷ್ಟಪಡಿಸುತ್ತದೆ.

ಮೂಲ ವಾಕ್ಯಗಳ ಉಲ್ಲೇಖ ಬೇಕಾದ ಸಂಶೋಧಕರಿಗೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಗೆ ಸಾಟಿಯಿಲ್ಲ. ಪ್ರತಿಯೊಂದು ಅರ್ಥಕ್ಕೂ ವರ್ಷವಾರು ಉದ್ಧರಣೆಗಳನ್ನು ಜೋಡಿಸುವುದು ಅದರ ಕ್ರಮ. 1989ರ ಎರಡನೇ ಆವೃತ್ತಿ 20 ಸಂಪುಟಗಳಷ್ಟು ಬೆಳೆದದ್ದು ಈ ಕಾರಣದಿಂದಲೇ. ಅದರ ಅಂತರ್ಜಾಲ ಆವೃತ್ತಿಯನ್ನು ಪೂರ್ಣವಾಗಿ ಬಳಸಲು ಚಂದಾ ಬೇಕು, ಇಲ್ಲವೇ ಚಂದಾ ಪಡೆದ ಗ್ರಂಥಾಲಯದ ಸದಸ್ಯತ್ವ ಬೇಕು. ಕ್ರೀಡಾ ವರದಿಗಾರರು, ವೀಕ್ಷಕ ವಿವರಣೆ ನೀಡುವವರು ಹಾಗೂ ಭಾಷೆಯಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳು ಮೊದಲು ಎಟಿಮ್‌ಆನ್‌ಲೈನ್ ನೋಡಿ, ಯಾವುದಾದರೂ ಇಸವಿಯನ್ನು ಅಚ್ಚಿಗೆ ಕೊಡುವ ಮುನ್ನ ಆಕ್ಸ್‌ಫರ್ಡ್‌ನೊಂದಿಗೆ ತಾಳೆ ಹಾಕಿಕೊಳ್ಳಬೇಕೆಂದು ಶಿಫಾರಸು ಮಾಡುತ್ತೇನೆ.