ವರ್ಡ್, ಪಿಡಿಎಫ್ ಒಳಗಿನ ಫೋಟೋ ಹೊರತೆಗೆಯಲು ಯಾವ ದಾರಿ ಒಳ್ಳೆಯದು?

ನಮ್ಮೂರ ಶಾಲೆಯ ಸ್ಮರಣ ಸಂಚಿಕೆಗೆ ಲೇಖನಗಳು ಬಂದಿದ್ದು ವರ್ಡ್ ಮತ್ತು ಪಿಡಿಎಫ್ ಫೈಲುಗಳಲ್ಲಿ. ಫೋಟೋಗಳೂ ಅದರೊಳಗೇ. ಆದರೆ ಪ್ರೆಸ್ಸಿನವರಿಗೆ ಫೋಟೋ ಬೇರೆಯಾಗಿ ಬೇಕು, ಇಂಚಿಗೆ 300 ಪಿಕ್ಸೆಲ್ ಇರಬೇಕು. ಅಂದರೆ 5 ಇಂಚು ಅಗಲದ ಚಿತ್ರಕ್ಕೆ 1500 ಪಿಕ್ಸೆಲ್. ಹಳೆಯ ಗ್ರೂಪ್ ಫೋಟೋಗಳ ಮೂಲ ಪ್ರತಿ ಎಷ್ಟೋ ಮನೆಗಳಲ್ಲಿ ಉಳಿದೇ ಇಲ್ಲ. ಹಾಗಾಗಿ ಒಂದೇ ಫೈಲಿನ ಮೇಲೆ ಬೇರೆ ಬೇರೆ ದಾರಿ ಹಿಡಿದು, ಯಾವುದರಲ್ಲಿ ಫೋಟೋ ಚೆನ್ನಾಗಿ ಉಳಿಯುತ್ತದೆ ಎಂದು ನೋಡಿದೆ.

ಸ್ಕ್ರೀನ್‌ಶಾಟ್ ಬೇಡವೇ ಬೇಡ. ಪರದೆಯಲ್ಲಿ ಕಂಡಷ್ಟೇ ಪಿಕ್ಸೆಲ್ ಸಿಗುತ್ತದೆ. ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೇವ್ ಆ್ಯಸ್ ಪಿಕ್ಚರ್’ ಒತ್ತುವುದು ಒಂದೆರಡು ಚಿತ್ರಕ್ಕೆ ಸರಿ. ಆದರೆ ನನ್ನ ಹಳೆಯ ವರ್ಡ್‌ನಲ್ಲಿ ಕೆಲವು ಫೋಟೋಗಳು ಪುಟದಲ್ಲಿದ್ದ ಸಣ್ಣ ಗಾತ್ರದಲ್ಲೇ ಬಂದವು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಜಿಪ್ ದಾರಿ. ಆಫೀಸ್ 2007ರಿಂದ ಬಂದ ಡಾಕ್ಸ್ (.docx) ಎಂಬ ವರ್ಡ್ ಫೈಲ್ ನಿಜಕ್ಕೂ ಒಂದು ಜಿಪ್ ಕಟ್ಟು, ಅಂದರೆ ಹಲವು ಫೈಲುಗಳನ್ನು ಕುಗ್ಗಿಸಿ ಒಟ್ಟಿಗೆ ಕಟ್ಟಿಟ್ಟ ಒಂದು ಫೈಲ್. ಫೈಲಿನ ಒಂದು ನಕಲು ಮಾಡಿಕೊಂಡು, ಹೆಸರಿನ ಕೊನೆಯ ‘ಡಾಕ್ಸ್’ ತೆಗೆದು ‘ಜಿಪ್’ ಎಂದು ಬದಲಿಸಿ ತೆರೆಯಿರಿ. ‘ವರ್ಡ್’ ಫೋಲ್ಡರಿನೊಳಗೆ ‘ಮೀಡಿಯಾ’ ಎಂಬ ಫೋಲ್ಡರ್ ಇರುತ್ತದೆ. ಎಲ್ಲ ಚಿತ್ರಗಳೂ ಅಲ್ಲಿ! ಜಿಪ್ ಕಟ್ಟು ಬಿಚ್ಚುವ ಸೆವೆನ್‌ಜಿಪ್ ತಂತ್ರಾಂಶ ಇದ್ದರೆ ಹೆಸರು ಬದಲಿಸುವ ಕೆಲಸವೂ ಇಲ್ಲ. ಪವರ್‌ಪಾಯಿಂಟ್ ಫೈಲಿಗೂ ಇದೇ ದಾರಿ, ಸ್ಲೈಡಿಗೆ ಸೇರಿಸಿದ ಆಡಿಯೊ, ವಿಡಿಯೊ ಕೂಡ ಸಿಗುತ್ತವೆ. ಲಿಬ್ರೆ ಆಫೀಸಿನ ಓಡಿಟಿ (.odt) ಫೈಲಿನಲ್ಲಿ ಮಾತ್ರ ಫೋಲ್ಡರಿನ ಹೆಸರು ‘ಪಿಕ್ಚರ್ಸ್’.

ಇದರಲ್ಲಿ ಇನ್ನೊಂದು ಲಾಭವಿದೆ. ವರ್ಡ್‌ನಲ್ಲಿ ಅಂಚು ಕತ್ತರಿಸಿದ್ದರೂ, ಕತ್ತರಿಸಿದ ಭಾಗವನ್ನು ಅಳಿಸದೇ ಇದ್ದರೆ ಇಡೀ ಫೋಟೋ ಒಳಗೆ ಹಾಗೇ ಇರುತ್ತದೆ. ಒಂದು ಲೇಖನದಲ್ಲಿ ಪುಟದ ಮೇಲೆ ಕಾಣದಿದ್ದ ಮೇಷ್ಟ್ರೊಬ್ಬರು ಹೀಗೆ ಸಿಕ್ಕಿದರು, ತುಂಬಾ ಖುಷಿಯಾಯಿತು. ತೊಂದರೆಯೆಂದರೆ ಹೆಸರುಗಳೆಲ್ಲ ‘ಇಮೇಜ್1’, ‘ಇಮೇಜ್2’ ಎಂದಿರುತ್ತವೆ. ಯಾವ ಶೀರ್ಷಿಕೆ ಯಾವ ಫೋಟೋದ್ದು ಎಂದು ಲೇಖನ ಪಕ್ಕದಲ್ಲಿಟ್ಟುಕೊಂಡೇ ಹೊಂದಿಸಬೇಕು.

ಹಳೆಯ ಡಾಕ್ (.doc) ಫೈಲಿಗೆ ಜಿಪ್ ನಡೆಯುವುದಿಲ್ಲ. ವರ್ಡ್‌ನಲ್ಲಿ ತೆರೆದು ಡಾಕ್ಸ್ ಆಗಿ ಉಳಿಸಬೇಕು. ಅದಕ್ಕೂ ಮೊದಲು ಆಪ್ಷನ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ‘ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್’ ಗುರುತು ಹಾಕಿ. ವೆಬ್ ಪೇಜ್ ಆಗಿ ಉಳಿಸಿದರೂ ಚಿತ್ರಗಳು ಒಂದು ಫೋಲ್ಡರಿಗೆ ಬೀಳುತ್ತವೆ, ಆದರೆ ಒಂದೇ ಫೋಟೋ ಎರಡು ಗಾತ್ರದಲ್ಲಿ ಬರಬಹುದು. ದೊಡ್ಡದನ್ನು ಆರಿಸಿಕೊಳ್ಳಿ. ಗೂಗಲ್ ಡಾಕ್ಸ್‌ನವರಿಗೆ ವೆಬ್ ಪೇಜ್ ಆಗಿ ಡೌನ್‌ಲೋಡ್ ಮಾಡುವುದೇ ಸುಲಭ.

ಪಿಡಿಎಫ್‌ಗೆ ಪಾಪ್ಲರ್ ಎಂಬ ಉಚಿತ ಪಿಡಿಎಫ್ ತಂತ್ರಾಂಶದ ಜೊತೆ ಬರುವ ‘ಪಿಡಿಎಫ್‌ಇಮೇಜಸ್’ ಗೆದ್ದಿತು. ಕಮಾಂಡ್ ಬರೆಯಬೇಕಲ್ಲ ಎಂದು ಹೆದರಬೇಡಿ, ಒಂದೇ ಸಾಲು. ಮೊದಲು ‘-ಲಿಸ್ಟ್’ ಕೊಟ್ಟು ಪ್ರತಿ ಚಿತ್ರದ ಪಿಕ್ಸೆಲ್ ಲೆಕ್ಕ ನೋಡಿ, ಆಮೇಲೆ ‘-ಆಲ್’ ಕೊಡಿ. ಒಳಗಿನ ಜೆಪೆಗ್ ಹಾಗೇ ಜೆಪೆಗ್ ಆಗಿ ಬರುತ್ತದೆ. ‘-ಆಲ್’ ಕೊಡದೆ ಸುಮ್ನೆ ಓಡಿಸಿದರೆ ಪಿಪಿಎಂ ಎಂಬ, ಕುಗ್ಗಿಸದ ಭಾರೀ ಗಾತ್ರದ ಚಿತ್ರ ಫೈಲುಗಳು ಬರುತ್ತವೆ. ನಡುವೆ ಬರುವ ಕಪ್ಪುಬಿಳುಪು ಚಿತ್ರಗಳು ಎಷ್ಟೋ ಸಲ ಪಾರದರ್ಶಕತೆಯ ಮಾಸ್ಕ್‌ಗಳು (ಫೋಟೋದ ಯಾವ ಭಾಗ ಕಾಣಬೇಕು ಎಂದು ತಿಳಿಸುವ ಚಿತ್ರಗಳು), ನೋಡಿ ಬಿಟ್ಟುಬಿಡಬಹುದು. ಫೈಲ್ ಅಪ್‌ಲೋಡ್ ಮಾಡಿಸಿಕೊಂಡು ಫೋಟೋ ತೆಗೆದುಕೊಡುವ ತಾಣಗಳನ್ನು ನಾನು ಬಳಸಲಿಲ್ಲ. ಬೇರೆಯವರ ಮನೆಯ ಫೋಟೋಗಳು, ಅಲ್ವಾ?

ಯಾವ ದಾರಿಯೂ ಕಳೆದುಹೋದ ಪಿಕ್ಸೆಲ್ ತಂದುಕೊಡುವುದಿಲ್ಲ. ವರ್ಡ್ ಇಂಚಿಗೆ 220 ಪಿಕ್ಸೆಲ್‌ಗೆ ಇಳಿಸಿ ಉಳಿಸಿದ್ದರೆ, ಪುಟದಲ್ಲಿ 3 ಇಂಚು ಅಗಲವಿದ್ದ ಫೋಟೋದಲ್ಲಿ ಉಳಿಯುವುದು 660 ಪಿಕ್ಸೆಲ್ ಮಾತ್ರ. ಮುದ್ರಣದಲ್ಲಿ ಅದು 2.2 ಇಂಚಿಗೆ ಸಾಕು, ಅಷ್ಟೇ. ಅಂಥ ಫೋಟೋಗಳಿಗೆ ಬರೆದವರಿಗೇ ಫೋನ್ ಮಾಡಿ, ಮೂಲ ಪ್ರತಿ ಇದ್ದರೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಕೇಳುತ್ತಿದ್ದೇನೆ.