ರಾಮೇಛಾಪ್–ಲುಕ್ಲಾ ವಿಮಾನ: 74 ಕಿ.ಮೀ. ಲೆಕ್ಕ ನಂಬಿ ಮುಂದಿನ ಟಿಕೆಟ್ ಕೊಳ್ಳಬೇಡಿ

ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣಕ್ಕೆ ಹೊರಡುವವರು ಹಣ ಕಟ್ಟುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ನೇಪಾಳದ ರಾಮೇಛಾಪ್ ಜಿಲ್ಲೆಯ ಮಂಥಲಿ ವಿಮಾನ ನಿಲ್ದಾಣದಿಂದ, ಈ ಚಾರಣ ಶುರುವಾಗುವ ಬೆಟ್ಟದೂರು ಲುಕ್ಲಾಕ್ಕೆ ನೇರ ದೂರ ಸುಮಾರು 74 ಕಿ.ಮೀ., ಹಾರಾಟ ಹದಿನೈದಿಪ್ಪತ್ತು ನಿಮಿಷ. ನಮ್ಮ ಪ್ರವಾಸದ ಏಜೆಂಟರು ಎಲ್ಲಿಂದ ಎಂಬುದನ್ನು ಹೇಳದೆ ಈ ಅಂಕಿಯನ್ನಷ್ಟೇ ಮುಂದಿಟ್ಟು, ಬೆಳಿಗ್ಗೆ ಲುಕ್ಲಾ ಬಿಟ್ಟರೆ ಅದೇ ರಾತ್ರಿ ಕಠ್ಮಂಡುವಿನಿಂದ ಭಾರತಕ್ಕೆ ಹಾರಬಹುದೆಂದು ಭರವಸೆ ಕೊಟ್ಟು, ಎರಡೂ ಟಿಕೆಟ್‌ಗಳನ್ನು ಒಂದೇ ದಿನಕ್ಕೆ ಕಾಯ್ದಿರಿಸಿದ್ದರು.

ದೂರವೇನೋ ಸರಿಯಾಗಿಯೇ ಇದೆ. ಆದರೆ ಚಾರಣದ ಭರಾಟೆಯ ತಿಂಗಳುಗಳಲ್ಲಿ ಕಠ್ಮಂಡು ನಿಲ್ದಾಣದ ದಟ್ಟಣೆಯಿಂದಾಗಿ ಲುಕ್ಲಾ ವಿಮಾನಗಳನ್ನು ಬಹುಪಾಲು ಮಂಥಲಿಯಿಂದ ಹಾರಿಸುತ್ತಾರೆ. ಅಲ್ಲಿಗೆ ಕಠ್ಮಂಡುವಿನಿಂದ ಸುಮಾರು 130 ಕಿ.ಮೀ. ಗುಡ್ಡದ ರಸ್ತೆ, ನಾಲ್ಕೈದು ಗಂಟೆಯ ಹಾದಿ. 2024ರ ಸೆಪ್ಟೆಂಬರ್ ಪ್ರವಾಹದಲ್ಲಿ ಆ ಹೆದ್ದಾರಿ ಅಲ್ಲಲ್ಲಿ ಕೊಚ್ಚಿಹೋದ ಮೇಲೆ ಈ ಲೆಕ್ಕವೂ ಭದ್ರವಲ್ಲ. ಏಜೆಂಟರು ಕೊಟ್ಟ ಪಟ್ಟಿಯಲ್ಲಿ ಮಂಥಲಿಯ ಹೆಸರೇ ಇರಲಿಲ್ಲ. ನಡುರಾತ್ರಿ ವ್ಯಾನ್ ಹತ್ತಬೇಕೆಂಬುದು ನಮಗೆ ತಿಳಿದದ್ದು ಹಿಂದಿನ ಸಂಜೆ.

ಹೋಗುವಾಗ ಅದೃಷ್ಟ ಚೆನ್ನಾಗಿತ್ತು: ಗಗನಸಖಿ ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರಮಿಂಟು ಹಂಚಿ ಕುಳಿತುಕೊಳ್ಳುವಷ್ಟರಲ್ಲಿ ಲುಕ್ಲಾ ಬಂದೇಬಿಟ್ಟಿತು. ಪೇಚಾಟವೆಲ್ಲ ಮರಳುವಾಗ. 2,845 ಮೀಟರ್ ಎತ್ತರದ ಈ ನಿಲ್ದಾಣದ ಓಡುದಾರಿಯ ಉದ್ದ 527 ಮೀಟರ್ ಮಾತ್ರ, ಅದೂ ಶೇ. 11.7ರಷ್ಟು ಇಳಿಜಾರು, ಒಂದು ತುದಿಗೆ ಬೆಟ್ಟ, ಇನ್ನೊಂದಕ್ಕೆ ಕಮರಿ. ಉಪಕರಣಗಳ ನೆರವಿನಿಂದ ಇಳಿಯುವ ಏರ್ಪಾಡು ಇಲ್ಲದ ಕಾರಣ ಪೈಲಟ್‌ಗೆ ಓಡುದಾರಿ ಕಣ್ಣಿಗೆ ಕಾಣಲೇಬೇಕು. ಮಧ್ಯಾಹ್ನ ಗಾಳಿ ಎದ್ದರೆ ಆ ದಿನದ ಕಥೆ ಮುಗಿಯಿತು. ಬರೀ ದೂರ ನೋಡಿ ಪ್ರಯಾಣದ ಸಮಯ ಹೇಳುವ ಲೆಕ್ಕದಲ್ಲಿ ಮೋಡಕ್ಕೂ ಜಾಗವಿಲ್ಲ, ಇಲ್ಲಿ ಹಾರುವ ಹತ್ತೊಂಬತ್ತು ಸೀಟಿನ ಪುಟ್ಟ ವಿಮಾನಕ್ಕೂ ಜಾಗವಿಲ್ಲ.

ಅಂದು ಕಣಿವೆಯಲ್ಲಿ ಮೋಡ ಕವಿದಿತ್ತು. ಸದ್ದು ಕೇಳಿದಾಗಲೆಲ್ಲ ಚೀಲದ ಮೇಲೆ ಕುಳಿತವರೆಲ್ಲ ಎದ್ದು ನಿಲ್ಲುತ್ತಿದ್ದರು; ಬರುತ್ತಿದ್ದದ್ದು ಹೆಲಿಕಾಪ್ಟರ್. ವಿಮಾನ ರದ್ದಾಯಿತು, ಊರಿನ ಟಿಕೆಟ್ ಮುಳುಗಿತು. ಮರುದಿನ ಆಕಾಶ ತಿಳಿಯಾದರೂ ಮೊದಲ ಸರದಿ ಆ ದಿನದ ಟಿಕೆಟ್ ಇದ್ದವರದು, ರದ್ದಾದ ವಿಮಾನದವರು ಸೀಟು ಉಳಿದರಷ್ಟೇ ಹತ್ತಬೇಕು ಎಂದು ಕೌಂಟರಿನಲ್ಲಿ ಹೇಳಿದರು. ನನ್ನನ್ನು ಕೇಳಿದರೆ ಇಡೀ ವ್ಯವಹಾರದಲ್ಲಿ ಹೆಚ್ಚು ಹೊಡೆತ ಕೊಡುವುದು ಈ ಸರದಿಯೇ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಏಜೆಂಟರಿಗೆ ಫೋನ್ ಮಾಡಿದರೆ, “ಹವಾಮಾನ ನಮ್ಮ ಕೈಲಿಲ್ಲ ಸಾರ್” ಎಂದರು. ಹವಾಮಾನ ಅವರ ಕೈಯಲ್ಲಿರಲಿಲ್ಲ ನಿಜ, ಆದರೆ ದಿನಾಂಕ ಆರಿಸಿದವರು ಅವರೇ.

ಲುಕ್ಲಾ ಬಿಡುವ ದಿನಕ್ಕೂ ಕಠ್ಮಂಡು ಬಿಡುವ ದಿನಕ್ಕೂ ನಡುವೆ ಕನಿಷ್ಠ ಎರಡು ದಿನ ಖಾಲಿ ಇಡಿ, ಬೆಳಗಿನ ಮೊದಲ ವಿಮಾನಗಳಲ್ಲೇ ಸೀಟು ಕೇಳಿ. ವಿಮಾನ ಇಳಿಯುವುದು ಕಠ್ಮಂಡುವಿನಲ್ಲೋ ಮಂಥಲಿಯಲ್ಲೋ, ರದ್ದಾದರೆ ಹೋಟೆಲ್ ಮತ್ತು ಹೆಲಿಕಾಪ್ಟರ್ ಖರ್ಚು ಯಾರದು ಎಂಬುದನ್ನು ಮುಂಗಡ ಕೊಡುವ ಮೊದಲೇ ಏಜೆಂಟರಿಂದ ಬರಹದಲ್ಲಿ ಪಡೆಯಿರಿ.